ಕಾರಿನ ಧೂಳು ಬಯಸಿದ ವಕೀಲರು

ಮಂಗಳೂರಿನಲ್ಲಿ ಕುದ್ಮುಲ್ ರಂಗರಾವ್ ಅವರ ಸಮಾಧಿ ಇದೆ. ಅದರ ಮೇಲೆ ಅವರದೇ ಒಂದು ಆಸೆಯನ್ನು ಬರೆಸಿದ್ದಾರೆ. ತನ್ನ ಶಾಲೆಯಲ್ಲಿ ಓದಿದ ದಲಿತ ಮಕ್ಕಳು ಸರ್ಕಾರಿ ಕೆಲಸಕ್ಕೆ ಸೇರಬೇಕು, ನಮ್ಮೂರ ರಸ್ತೆಗಳಲ್ಲೇ ಕಾರಿನಲ್ಲಿ ಓಡಾಡಬೇಕು, ಆ ಕಾರು ಎಬ್ಬಿಸಿದ ಧೂಳು ತನ್ನ ತಲೆಗೆ ತಾಗಬೇಕು, ಆಗ ಜನ್ಮ ಸಾರ್ಥಕ ಅನ್ನುವುದು ಅದರ ಭಾವ.

ಸಮಾಧಿಯ ಮೇಲಿನ ಬರಹಕ್ಕೆ ಇದು ವಿಚಿತ್ರವೇ. ಕೈಲಾಸ, ವೈಕುಂಠ, ಮುಕ್ತಿ ಯಾವುದೂ ಇಲ್ಲ. ನೌಕರಿ ಇದೆ, ಕಾರಿದೆ, ರಸ್ತೆ ಇದೆ. ರಂಗರಾಯರು ತೀರಿಕೊಂಡದ್ದು 1928ರಲ್ಲಿ. ಅದಕ್ಕೆ ನಾಲ್ಕೇ ವರ್ಷ ಮೊದಲು ತಿರುವಾಂಕೂರಿನ ವೈಕಂನಲ್ಲಿ, ದೇವಸ್ಥಾನದ ಸುತ್ತಲಿನ ರಸ್ತೆಯಲ್ಲಿ ಬರೀ ನಡೆದು ಹೋಗುವ ಹಕ್ಕಿಗಾಗಿ ಸತ್ಯಾಗ್ರಹ ಶುರುವಾಗಿತ್ತು. ನಡೆಯೋದಕ್ಕೇ ಹೋರಾಟ ಬೇಕಿದ್ದ ಕಾಲದಲ್ಲಿ ಇವರು ಕಾರಿನ ಕನಸು ಕಂಡರು. ಧೂಳಿನ ಮಾತೂ ಸುಮ್ಮನೆ ಬಂದದ್ದಲ್ಲ ಅನ್ನಿಸುತ್ತೆ. ಗುರುವಿನ ಪಾದಧೂಳಿಯನ್ನು ಶಿಷ್ಯ ತಲೆಗೆ ಒತ್ತಿಕೊಳ್ಳುವುದು ನಮ್ಮ ಪದ್ಧತಿ. ಇಲ್ಲಿ ಗುರುವೇ ಶಿಷ್ಯನ ಧೂಳಿಗೆ ತಲೆ ಒಡ್ಡಿ ನಿಂತಿದ್ದಾನೆ.

ನಮ್ಮ ಆಫೀಸಿನಲ್ಲಿ ವರ್ಷಕ್ಕೊಮ್ಮೆ ಎಚ್‌ಆರ್‌ನಿಂದ ಒಂದು ಮೇಲ್ ಬರುತ್ತೆ. ಹಿಂದುಳಿದ ಕುಟುಂಬದ ಹುಡುಗ ಹುಡುಗಿಯರಿಗೆ ಮೆಂಟರ್ ಆಗಿ, ಶನಿವಾರ ಎರಡು ಗಂಟೆ ಕೊಡಿ ಅಂತ. ನಿಮ್ಮಲ್ಲೂ ಬಂದಿರುತ್ತೆ. ನಾನೂ ಹೋಗ್ತೀನಿ. ರೆಸ್ಯೂಮೆ ತಿದ್ದುವುದು, ಇಂಟರ್ವ್ಯೂನಲ್ಲಿ ಕೈ ಎಲ್ಲಿಟ್ಟುಕೊಳ್ಳಬೇಕು ಅಂತ ಹೇಳಿಕೊಡುವುದು, 'ಕಾನ್ಫಿಡೆಂಟ್ ಆಗಿ ಮಾತಾಡಿ' ಅನ್ನುವುದು. ಮಕ್ಕಳು ಬುದ್ಧಿವಂತರು, ಬೇಗ ಕಲೀತಾರೆ. ಈ ಶನಿವಾರಗಳ ನಡುವೆಯೇ ನನಗೆ ರಂಗರಾಯರ ಬಗ್ಗೆ ಕುತೂಹಲ ಹತ್ತಿದ್ದು. ಯಾಕೆಂದರೆ ಅವರು ಮಠಾಧೀಶರೂ ಅಲ್ಲ, ಮಹಾರಾಜರೂ ಅಲ್ಲ. ನಮ್ಮ ಹಾಗೇ ಸಂಪಾದನೆ ಮಾಡಿ ಸಂಸಾರ ನಡೆಸಿದ ವೃತ್ತಿನಿರತರು, ಮಂಗಳೂರಿನ ವಕೀಲರು.

ಹುಟ್ಟಿದ್ದು 1859ರಲ್ಲಿ, ಕುದ್ಮುಲ್ ಅನ್ನುವ ಹಳ್ಳಿಯಲ್ಲಿ, ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ. ತಂದೆ ತೀರಿಹೋದ ಮೇಲೆ ಹದಿಹರೆಯದಲ್ಲೇ ಮಂಗಳೂರಿಗೆ ಬಂದರು. ಕಡಿಮೆ ಸಂಬಳಕ್ಕೆ ಮೇಷ್ಟರಾಗಿದ್ದುಕೊಂಡೇ ಪರೀಕ್ಷೆ ಕಟ್ಟಿ ವಕೀಲರಾದರು. ಅಂದರೆ ಮೆಟ್ಟಿಲು ಹತ್ತೋದು ಹೇಗೆ ಅಂತ ಸ್ವಂತ ಅನುಭವದಿಂದ ಗೊತ್ತಿದ್ದವರು. ಊರಿನಲ್ಲಿ ಆಗಲೇ ಬ್ರಹ್ಮಸಮಾಜ ಬೇರೂರಿತ್ತು, ಇವರೂ ಸೇರಿದರು. ಅಲ್ಲಿ ಜಾತಿ ಬೇಡ ಅಂತ ಭಾಷಣ ಮಾಡಿದವರು ಬಹಳ ಜನ ಇದ್ದರು. ಇವರು 1892ರಲ್ಲಿ ಉರ್ವದ ಚಿಲಿಂಬಿಯಲ್ಲಿ ಒಂದು ಬಾಡಿಗೆ ಮನೆ ಹಿಡಿದು, ದಲಿತ ಮಕ್ಕಳಿಗೆ ಶಾಲೆ ಶುರು ಮಾಡಿದರು.

ಆಮೇಲಿನದು ಒಂದರ ಹಿಂದೊಂದು ಅಡ್ಡಿಗಳ ಕಥೆ. ಆ ಅಡ್ಡಿಗಳನ್ನು ಒಂದೊಂದಾಗಿ ನೋಡಿದರೆ ಮಾತ್ರ ರಂಗರಾಯರು ಏನು ಮಾಡಿದರು ಅಂತ ಅರ್ಥ ಆಗೋದು.

ಮೊದಲ ಅಡ್ಡಿ ಪಾಠ ಹೇಳುವವರು. ಮೇಲ್ಜಾತಿಯ ಮೇಷ್ಟ್ರುಗಳು ಬರಲು ಒಪ್ಪಲಿಲ್ಲ, ಕ್ರೈಸ್ತ ಶಿಕ್ಷಕರನ್ನು ಹುಡುಕಿ ತಂದರು. ಎರಡನೆಯದು ಜಾಗ. ಅಕ್ಕಪಕ್ಕದವರ ವಿರೋಧಕ್ಕೆ ಶಾಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಅಲೆಯಬೇಕಾಯಿತು. ಮೂರನೆಯದು ಹೊಟ್ಟೆ. ದನ ಕಾಯಲು ಹೋಗುವ ಹುಡುಗನಿಗೆ ಧಣಿಯ ಮನೆಯಲ್ಲಿ ಗಂಜಿಯಾದರೂ ಸಿಗುತ್ತಿತ್ತು. ಶಾಲೆಗೆ ಬಂದರೆ ಅದೂ ಇಲ್ಲ. ಅಪ್ಪ ಅಮ್ಮ ಯಾವ ಧೈರ್ಯದ ಮೇಲೆ ಕಳಿಸಬೇಕು? ಮಗು ಶಾಲೆಗೆ ಬಂದ ದಿನಕ್ಕೆ ಎರಡು ಪೈಸೆ ಕೊಡುತ್ತಿದ್ದರು ಅಂತ ಮಂಗಳೂರಿನ ಕಡೆ ಇವತ್ತಿಗೂ ಹೇಳ್ತಾರೆ. ಇದನ್ನು ಕೆಲವರು ಕರುಣೆಯ ಕಥೆಯಾಗಿ ಹೇಳುವುದುಂಟು. ನನಗೆ ಇದು ಲೆಕ್ಕಾಚಾರವಾಗಿ ಕಾಣುತ್ತೆ. ಒಂದು ಬಡ ಮನೆ ಮಗುವನ್ನು ಓದಿಸಲು ಹೊರಟರೆ ಆ ಮನೆಗೆ ಎಷ್ಟು ನಷ್ಟ ಅಂತ ಕೂತು ಲೆಕ್ಕ ಹಾಕಿದ ಮನುಷ್ಯ.

1897ರಲ್ಲಿ ಈ ಕೆಲಸಕ್ಕೆಲ್ಲ ಸೇರಿಸಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಅನ್ನುವ ಸಂಸ್ಥೆ ಕಟ್ಟಿದರು. ಇದೇ ಹೆಸರಿನ ಸಂಸ್ಥೆಯನ್ನು ವಿಠ್ಠಲ ರಾಮಜಿ ಶಿಂದೆ ಮುಂಬೈಯಲ್ಲಿ ಶುರು ಮಾಡಿದ್ದು 1906ರಲ್ಲಿ, ಒಂಬತ್ತು ವರ್ಷ ಆದಮೇಲೆ. (ಆ ಶಿಂದೆಯವರು ಹುಟ್ಟಿದ್ದೂ ನಮ್ಮ ಜಮಖಂಡಿಯಲ್ಲೇ. ಮಹಾರಾಷ್ಟ್ರದವರು ನೆನಪಿಟ್ಟುಕೊಂಡಷ್ಟು ನಾವು ನೆನಪಿಟ್ಟುಕೊಂಡಿಲ್ಲ.)

ಓದು ಬಂತು ಅಂದುಕೊಳ್ಳಿ. ನಾಲ್ಕಕ್ಷರ ಕಲಿತ ಹುಡುಗನಿಗೆ ಕೆಲಸ ಕೊಡುವವರು ಯಾರು? ಅಂಗಡಿಯಲ್ಲಿ ನಿಲ್ಲಿಸಿಕೊಳ್ಳುವುದಿಲ್ಲ, ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ. ಹಾಗಾಗಿ ನೇಯ್ಗೆ, ಮರಗೆಲಸ ಕಲಿಸಲು ಏರ್ಪಾಟಾಯಿತು. ಇದರ ಮಾದರಿ ಪಕ್ಕದಲ್ಲೇ ಇತ್ತು. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಶಾಲೆಯ ಜೊತೆಗೆ ನೇಯ್ಗೆಯನ್ನೂ ಹೆಂಚಿನ ಕಾರ್ಖಾನೆಯನ್ನೂ ನಡೆಸುತ್ತಿದ್ದರು. ಸರಿ, ಕೈಯಲ್ಲಿ ಕಸುಬೂ ಬಂತು. ಇರೋದೆಲ್ಲಿ? ಗುಡಿಸಲು ನಿಂತಿರೋದು ಧಣಿಯ ಜಮೀನಿನಲ್ಲಿ. ಮಗ ಶಾಲೆಗೆ ಹೋದ ಅಂತ ಧಣಿಗೆ ಸಿಟ್ಟು ಬಂದರೆ ಅವತ್ತೇ ಜಾಗ ಖಾಲಿ ಮಾಡಬೇಕು. ಇಲ್ಲಿ ಮೇಷ್ಟ್ರು ರಂಗರಾಯರಿಗಿಂತ ವಕೀಲ ರಂಗರಾಯರು ಕೆಲಸಕ್ಕೆ ಬಂದರು. ಸರ್ಕಾರಕ್ಕೆ ಅರ್ಜಿ ಬರೆದು ಮನೆ ಕಟ್ಟಿಕೊಳ್ಳಲು ಜಾಗ ಕೊಡಿಸಿದರು. ಸಾಲಕ್ಕೆ ಸಾಹುಕಾರನ ಬಾಗಿಲಿಗೆ ಹೋಗದಿರಲಿ ಅಂತ ಆದಿ ದ್ರಾವಿಡರ ಸಹಕಾರ ಸಂಘ ಮಾಡಿಸಿದರು.

ಯಾವ ಕಾಗದ ಯಾವ ಮೇಜಿಗೆ ಹೋಗಬೇಕು, ಯಾವ ಕಾನೂನಿನಲ್ಲಿ ಏನು ಕೇಳಬಹುದು, ಯಾವ ಅಧಿಕಾರಿಗೆ ಹೇಗೆ ಬರೆಯಬೇಕು ಅನ್ನುವುದು ವಕೀಲಿಕೆಯ ಬಂಡವಾಳ. ಆ ಬಂಡವಾಳವನ್ನೇ ಅವರು ಹೂಡಿದ್ದು. ಸಮಾಜಸೇವೆ ಅಂತ ತನ್ನ ವೃತ್ತಿಯನ್ನು ಬದಿಗಿಟ್ಟು ಇನ್ನೇನೋ ಮಾಡಲು ಹೋಗಲಿಲ್ಲ. ಸುಮ್ಮನೆ ದಕ್ಕಿದ್ದೂ ಅಲ್ಲ ಇದು. ಸ್ವಂತ ಜಾತಿಯವರು ಬಹಿಷ್ಕಾರ ಹಾಕಿದರು. ಜಾತಿಯ ಪರಿಚಯದಿಂದಲೇ ಕಕ್ಷಿದಾರರು ಬರುತ್ತಿದ್ದ ಆ ಕಾಲದ ಒಬ್ಬ ವಕೀಲನಿಗೆ ಬಹಿಷ್ಕಾರ ಅಂದ್ರೆ ಏನು ಅಂತ ನೀವೇ ಯೋಚಿಸಿ.

ಓದು ಒಂದೇ ಸಿಕ್ಕರೆ ಏನಾಗುತ್ತೆ ಅನ್ನುವುದಕ್ಕೆ ಅದೇ ಕಾಲದ, ನಮಗೆಲ್ಲ ಗೊತ್ತಿರುವ ಒಂದು ಜೀವನವೇ ಸಾಕ್ಷಿ. 1913ರಲ್ಲಿ ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರು ಅಂಬೇಡ್ಕರ್ ಅವರಿಗೆ ಕೊಲಂಬಿಯಾದಲ್ಲಿ ಓದಲು ತಿಂಗಳಿಗೆ ಹನ್ನೊಂದೂವರೆ ಪೌಂಡ್‌ನಂತೆ ಮೂರು ವರ್ಷದ ವಿದ್ಯಾರ್ಥಿವೇತನ ಕೊಟ್ಟರು. ಓದು ಮುಗಿದ ಮೇಲೆ ಹತ್ತು ವರ್ಷ ಬರೋಡದಲ್ಲಿ ಕೆಲಸ ಮಾಡಬೇಕು ಅಂತ ಕರಾರು. ಕ್ಯಾಂಪಸ್‌ನಿಂದ ಸೀದಾ ಕಂಪನಿಗೆ ಸೇರಿ ಬಾಂಡ್‌ಗೆ ಸಹಿ ಹಾಕಿದವರಿಗೆ ಇದು ಚೆನ್ನಾಗಿ ಅರ್ಥ ಆಗುತ್ತೆ. ಸರಿ, 1917ರಲ್ಲಿ ಅವರು ಬರೋಡಕ್ಕೆ ಬಂದು ಕೆಲಸಕ್ಕೆ ಸೇರಿದರು. ವಿದೇಶದ ವಿದ್ಯೆ, ರಾಜರ ಬೆಂಬಲ, ದೊಡ್ಡ ಹುದ್ದೆ ಎಲ್ಲ ಇತ್ತು. ಬಾಡಿಗೆಗೆ ಒಂದು ಕೋಣೆ ಮಾತ್ರ ಸಿಗಲಿಲ್ಲ. ಪಾರ್ಸಿ ಛತ್ರವೊಂದರಲ್ಲಿ ಪಾರ್ಸಿ ಹೆಸರು ಹೇಳಿಕೊಂಡು ಇದ್ದರು. ಹನ್ನೊಂದನೆಯ ದಿನ ಕೋಲು ಹಿಡಿದ ಗುಂಪು ಬಂದು ಹೊರಗೆ ಹಾಕಿತು. ಕಾಮಾಟಿಬಾಗ್ ಅನ್ನುವ ಪಾರ್ಕಿನಲ್ಲಿ ಗಂಟೆಗಟ್ಟಲೆ ಕೂತು, ರಾತ್ರಿ ರೈಲು ಹತ್ತಿ ಮುಂಬೈಗೆ ವಾಪಸಾದರು.

ಸಯಾಜಿರಾವ್ ಕೊಟ್ಟದ್ದನ್ನು ಸಣ್ಣದು ಮಾಡಲು ಇದನ್ನು ಹೇಳುತ್ತಿಲ್ಲ. ಅವರಿಲ್ಲದಿದ್ದರೆ ಕೊಲಂಬಿಯಾ ಇಲ್ಲ. ಆದರೆ ರಾಜನೇ ಬೆನ್ನಿಗಿದ್ದರೂ ಊರು ಬದಲಾಗದಿದ್ದರೆ ಏನಾಗುತ್ತೆ ಅಂತ ಆ ಪಾರ್ಕಿನಲ್ಲಿ ಅಂಬೇಡ್ಕರ್ ಕಂಡುಕೊಂಡಿರಬೇಕು. 1932ರ ನವೆಂಬರ್‌ನಲ್ಲಿ ಲಂಡನ್‌ಗೆ ಹೋಗುವಾಗ ಹಡಗಿನಿಂದ ಎ. ವಿ. ಠಕ್ಕರ್ ಅವರಿಗೆ ಅವರು ಒಂದು ಪತ್ರ ಬರೆದರು. ಅಸ್ಪೃಶ್ಯತೆ ನಿವಾರಣೆಗೆ ಗಾಂಧೀಜಿಯ ಬಳಗ ಹೊಸ ಸಂಘ ಕಟ್ಟುತ್ತಿದ್ದ ಸಮಯ ಅದು. ಅಲ್ಲಿ ಅವರು ಎರಡು ದಾರಿ ಹೇಳುತ್ತಾರೆ. ಒಂದು, ವ್ಯಕ್ತಿಯನ್ನು ತಿದ್ದುವುದು: ಓದು, ವ್ಯಾಯಾಮ, ಲೈಬ್ರರಿ, ಕುಡಿತ ಬಿಡಿಸುವುದು ಇತ್ಯಾದಿ. ಈ ದಾರಿಯವರು, ಮನುಷ್ಯ ಹಿಂದುಳಿದಿದ್ದರೆ ಕೊರತೆ ಅವನಲ್ಲೇ ಇದೆ ಅಂತ ನಂಬಿರುತ್ತಾರೆ. ಇನ್ನೊಂದು, ಅವನು ಬದುಕುವ ಸುತ್ತಲಿನ ಪರಿಸ್ಥಿತಿಯನ್ನು ಬದಲಿಸುವುದು: ಬಾವಿ, ಶಾಲೆ, ರಸ್ತೆ, ಉದ್ಯೋಗ ಎಲ್ಲದರಲ್ಲೂ ಹಕ್ಕು ಕೊಡಿಸುವುದು. ಎರಡನೆಯದೇ ಸರಿಯಾದದ್ದು ಅಂತ ಅವರ ವಾದ.

ನಮ್ಮ ಶನಿವಾರದ ಎರಡು ಗಂಟೆ ಪೂರ್ತಿ ಮೊದಲನೇ ದಾರಿಯದು. ಹುಡುಗಿಯ ಇಂಗ್ಲಿಷ್ ತಿದ್ದುತ್ತೇವೆ, ಅವಳನ್ನು ಒಳಗೆ ಬಿಡದ ಶಾರ್ಟ್‌ಲಿಸ್ಟ್ ತಿದ್ದುವುದಿಲ್ಲ. ರೆಫರಲ್ ಕೊಡುವಾಗ ನಮ್ಮ ಕಾಲೇಜಿನವರು, ನಮ್ಮ ಊರಿನವರು, ನಮ್ಮ 'ಪರಿಚಯದವರು'. ಪೇಯಿಂಗ್ ಗೆಸ್ಟ್ ಮನೆಯ ಓನರ್ ಸರ್‌ನೇಮ್ ಕೇಳಿದ ಮೇಲೆ ಯಾಕೆ 'ರೂಮು ಆಗಲೇ ಹೋಯ್ತಲ್ಲ' ಅಂತಾರೆ ಅನ್ನುವ ಪ್ರಶ್ನೆ ನಮ್ಮ ಮೆಂಟರಿಂಗ್ ಸಿಲಬಸ್‌ನಲ್ಲಿ ಇಲ್ಲ. ರಂಗರಾಯರೂ ಶುರು ಮಾಡಿದ್ದು ಮೊದಲನೇ ದಾರಿಯಲ್ಲೇ, ಒಂದು ಶಾಲೆಯಿಂದ. ಆದರೆ ಪ್ರತಿ ಅಡ್ಡಿ ಎದುರಾದಾಗಲೂ 'ಮಕ್ಕಳಿಗೆ ಆಸಕ್ತಿ ಇಲ್ಲ' ಅಂತ ಹೇಳಿ ಮನೆಗೆ ಹೋಗದೆ ಆ ಅಡ್ಡಿಯ ಹಿಂದೆ ಬಿದ್ದರು. ಹಾಗೆ ಹೋಗುತ್ತಾ ಎರಡನೇ ದಾರಿಗೆ ಬಂದು ಮುಟ್ಟಿದರು.

ಎಷ್ಟು ದೂರ ಮುಟ್ಟಿದರು ಅಂತ ಅಳೆಯಲು ಅವರ ಮನೆಯನ್ನೇ ನೋಡಬಹುದು. ಮಗಳು ರಾಧಾಬಾಯಿ ಆಕ್ಸ್‌ಫರ್ಡ್‌ನಲ್ಲಿ ಓದಿದರು. ಜಾತಿ ಮೀರಿ, ಮುಂದೆ ಮದ್ರಾಸ್ ಪ್ರಾಂತ್ಯದ ಮುಖ್ಯಮಂತ್ರಿಯಾದ ಪಿ. ಸುಬ್ಬರಾಯನ್ ಅವರನ್ನು ಮದುವೆಯಾದರು. 1930ರಲ್ಲಿ ದುಂಡುಮೇಜಿನ ಪರಿಷತ್ತಿಗೆ ಹೋದರು, 1938ರಲ್ಲಿ ಕೌನ್ಸಿಲ್ ಆಫ್ ಸ್ಟೇಟ್‌ಗೆ ಆಯ್ಕೆಯಾದರು. ಮೊಮ್ಮಗ ಪಿ. ಪಿ. ಕುಮಾರಮಂಗಲಂ 1966ರಲ್ಲಿ ಭೂಸೇನೆಯ ಮುಖ್ಯಸ್ಥರಾದರು. ಸಣ್ಣ ಸಂಬಳದ ಮೇಷ್ಟರ ಮನೆಯಿಂದ ಎರಡೇ ತಲೆಮಾರಿನಲ್ಲಿ ಇಷ್ಟು ಎತ್ತರ. ಅದೇ ಅವಧಿಯಲ್ಲಿ ಅವರ ಶಾಲೆಯ ಮಕ್ಕಳು ನೇಕಾರರಾದರು, ಸಣ್ಣಪುಟ್ಟ ನೌಕರಿ ಹಿಡಿದರು, ಕೆಲವರು ತಾವೇ ಮೇಷ್ಟರಾದರು. ಇದರಲ್ಲಿ ರಂಗರಾಯರ ತಪ್ಪು ಹುಡುಕುವುದು ಅನ್ಯಾಯ. ಒಂದೇ ಊರಿನಲ್ಲಿ ಒಂದೇ ಮನುಷ್ಯ ಎರಡು ಗುಂಪಿನ ಮಕ್ಕಳಿಗೂ ಏಣಿ ಹಿಡಿದಿದ್ದರು; ಒಂದು ಏಣಿಗೆ ಎಷ್ಟು ಮೆಟ್ಟಿಲು ಕಡಿಮೆ ಇತ್ತು ಅನ್ನುವುದನ್ನು ಮಾತ್ರ ಹೇಳುತ್ತಿದ್ದೇನೆ.

ಅವರು ಮಾಡಿದ್ದರಲ್ಲಿ ನನಗೆ ತುಂಬ ಮುಖ್ಯ ಅನ್ನಿಸುವುದು ಇನ್ನೊಂದು. ದಲಿತರ ಪರವಾಗಿ ಅರ್ಜಿ ಬರೆಯುವ ಕೆಲಸವನ್ನು ತಾವೊಬ್ಬರೇ ಇಟ್ಟುಕೊಳ್ಳಲಿಲ್ಲ. ಊರಿನ ಆಡಳಿತದಲ್ಲಿ ಅವರೇ ಕೂರಬೇಕು ಅಂತ ಒತ್ತಾಯ ಮಾಡಿದರು. ಅಂಗಾರ ಮಾಸ್ತರ್, ಗೋವಿಂದ ಮಾಸ್ತರ್ ಎಂಬ ಇಬ್ಬರು ಸ್ಥಳೀಯ ಆಡಳಿತ ಸಂಸ್ಥೆಗಳಿಗೆ ನಾಮನಿರ್ದೇಶನಗೊಂಡರು. ವಯಸ್ಸಾಗುತ್ತಾ ಬಂದಾಗ, 1923ರಲ್ಲಿ, ಮಿಷನ್ನನ್ನು ಗೋಖಲೆ ಕಟ್ಟಿದ್ದ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಗೆ ಒಪ್ಪಿಸಿದರು. 1927ರಲ್ಲಿ ಸನ್ಯಾಸ ತಗೊಂಡು ಈಶ್ವರಾನಂದ ಸರಸ್ವತಿ ಅಂತ ಹೆಸರಿಟ್ಟುಕೊಂಡರು. ಮರುವರ್ಷ ಜನವರಿ 30ರಂದು ತೀರಿಕೊಂಡರು. ಮಂಗಳೂರಿನ ಪುರಭವನಕ್ಕೆ ಈಗ ಅವರದೇ ಹೆಸರಿದೆ. ಜಾತಿಯವರು ಯಾರೂ ತಮ್ಮ ಅಂತ್ಯಸಂಸ್ಕಾರ ಮಾಡಬಾರದು, ದಲಿತರೇ ಮಾಡಬೇಕು ಅಂತ ಮೊದಲೇ ಹೇಳಿಟ್ಟಿದ್ದರು. ಹಾಗೇ ಆಯಿತು.