ಶೋಕೇಸಿನ ಗಾಜು, ಸ್ಟೋರಿನ ಸ್ಕ್ರೀನ್‌ಶಾಟ್

ನಾನು ಕುಂದಾಪುರದಲ್ಲಿ ಹೈಸ್ಕೂಲಿಗೆ ಹೋಗುವಾಗ ಫೋಟೋ ಸ್ಟುಡಿಯೋ ಅಂದ್ರೆ ಮೊದಲು ಕಾಣ್ತಿದ್ದದ್ದು ಬಾಗಿಲ ಪಕ್ಕದ ಗಾಜಿನ ಶೋಕೇಸ್. ಒಳಗೆ ಮದುಮಕ್ಕಳ ಜೋಡಿ, ಒಂದು ಯಕ್ಷಗಾನ ವೇಷ, ಜಡೆಗೆ ಮಲ್ಲಿಗೆ ಸುತ್ತಿದ ಹುಡುಗಿ, ಬೊಚ್ಚುಬಾಯಿಯ ಮಗು. ಬಸ್ಸು ಕಾಯುವವರು ಅದರೆದುರು ನಿಂತು, ಇದು ಯಾರ ಮಗಳು ಅಂತ ಲೆಕ್ಕ ಹಾಕ್ತಿದ್ರು. ಒಳಗೆ ಹೋಗೋದಾ ಬೇಡ್ವಾ ಅನ್ನೋದು ಅಲ್ಲೇ ತೀರ್ಮಾನ ಆಗ್ತಿತ್ತು.

ಸುಮಾರು ಇಪ್ಪತ್ತು ವರ್ಷದ ನಂತರ ಬೆಂಗಳೂರಿನ ಆಫೀಸಲ್ಲಿ, ಒಂದು ಫೋಟೋ ಎಡಿಟಿಂಗ್ ಆ್ಯಪ್‌ಗೆ ಸ್ಕ್ರೀನ್‌ಶಾಟ್ ತಯಾರಿಸುವ ಕೆಲಸ ನನ್ನ ಪಾಲಿಗೆ ಬಂತು. ಇದೂ ಶೋಕೇಸೇ. ಗೂಗಲ್ ಪ್ಲೇಯಲ್ಲಿ ಫೋನಿಗೆ ಎಂಟು ಸ್ಕ್ರೀನ್‌ಶಾಟ್ ತನಕ ಹಾಕಬಹುದು. ಆದರೆ ನೀವೇ ಯೋಚನೆ ಮಾಡಿ, ಎಂಟನೆಯದನ್ನು ಯಾವಾಗ ನೋಡಿದ್ರಿ? ಮೊದಲೆರಡು ಚಿತ್ರದಲ್ಲೇ ವ್ಯಾಪಾರ ಮುಗಿಯುತ್ತೆ. ಹಾಗಾಗಿ ಮೊದಲನೆಯದು ಹೆಚ್ಚಾಗಿ 'ಬಿಫೋರ್-ಆಫ್ಟರ್' ಜೋಡಿ. ನಡುವೆ ಒಂದು ಗೆರೆ, ಆಚೆ ಹಳೇ ಮುಖ, ಈಚೆ ಹೊಸ ಮುಖ.

ಈ ಜೋಡಿ ಆ್ಯಪ್‌ನವರ ಆವಿಷ್ಕಾರ ಅಂದ್ಕೊಂಡಿದ್ದೆ. ಅಲ್ಲ. 1855ರ ಪ್ಯಾರಿಸ್ ಪ್ರದರ್ಶನದಲ್ಲಿ ಮ್ಯೂನಿಕ್‌ನ ಫ್ರಾಂಜ್ ಹಾನ್ಫ್‌ಸ್ಟೆಂಗ್ಲ್ ಒಂದೇ ಭಾವಚಿತ್ರದ ಎರಡು ಪ್ರತಿ ಇಟ್ಟಿದ್ದರು. ಒಂದು ನೆಗೆಟಿವ್ ತಿದ್ದುವ ಮೊದಲಿನದು, ಇನ್ನೊಂದು ತಿದ್ದಿದ ಮೇಲಿನದು. ನೋಡಿದ ಜನ ಬೆರಗಾದರಂತೆ. ನಮ್ಮ ಮೊದಲ ಸ್ಕ್ರೀನ್‌ಶಾಟಿನ ಮುತ್ತಜ್ಜ ಅದೇ.

ಕಪ್ಪು-ಬಿಳುಪು ಕಾಲದ ಸ್ಟುಡಿಯೋಗಳು ನಡೆದದ್ದೂ ಇದೇ ವಿದ್ಯೆಯಿಂದ. ಓರೆಯಾಗಿ ನಿಲ್ಲಿಸಿದ ಮಬ್ಬು ಗಾಜಿನ ಮೇಲೆ ನೆಗೆಟಿವ್ ಇಟ್ಟು, ಹಿಂದಿನಿಂದ ಬೆಳಕು ಬಿಟ್ಟು, ಚೂಪು ಪೆನ್ಸಿಲಿನಿಂದ ಸಣ್ಣ ಸಣ್ಣ ಗೀಟು ಹಾಕೋದು. ನೆಗೆಟಿವ್‌ನಲ್ಲಿ ಎಲ್ಲ ಉಲ್ಟಾ: ಪೆನ್ಸಿಲ್ ಎಲ್ಲಿ ಕಪ್ಪು ಮಾಡುತ್ತೋ ಪ್ರಿಂಟಿನಲ್ಲಿ ಅಲ್ಲಿ ಬೆಳ್ಳಗೆ ಬರುತ್ತೆ. ಸಿಡುಬಿನ ಕಲೆ, ಕಣ್ಣ ಕೆಳಗಿನ ಕಪ್ಪು, ನೆರಿಗೆ, ಎಲ್ಲ ಮಾಯ. ಕೈ ಒಂಚೂರು ಜಾಸ್ತಿ ಓಡಿದರೆ ಮುಖದ ಬಣ್ಣವೂ ಮಾಯ.

ನಮ್ಮ ಚಿಕ್ಕಿಗೆ ಆದದ್ದು ಅದೇ. ಗಂಡಿನ ಕಡೆಯವರಿಗೆ ಕಳಿಸಲಿಕ್ಕೆ ಅಂತ ತೆಗೆಸಿದ ಫೋಟೋ. ನಮ್ಮ ಗದ್ದೆ-ಮನೆಯ ಕಂದು ಬಣ್ಣದ ಚಿಕ್ಕಿ ಅದರಲ್ಲಿ ಹಾಲಿನ ಹಾಗೆ ಬೆಳ್ಳಗೆ. ಹೆಣ್ಣು ನೋಡಲು ಬಂದವರು ಕಾಫಿ ಲೋಟ ಹಿಡಿದು ಫೋಟೋ ಒಮ್ಮೆ, ಚಿಕ್ಕಿಯನ್ನು ಒಮ್ಮೆ ನೋಡಿ ಕೇಳಿದ್ರಂತೆ: "ಫೋಟೋದಗೆ ಇಪ್ಪು ಹೆಣ್ಣ್ ಇದೇಯಾ?" ಅಮ್ಮಮ್ಮ ಈ ಕಥೆಯನ್ನು ನಗ್ತಾ ಹೇಳ್ತಿದ್ರು. ಚಿಕ್ಕಿ ಮಾತ್ರ ಆಗ ಎದ್ದು ಒಳಗೆ ಹೋಗ್ತಿದ್ರು.

ಪೆನ್ಸಿಲ್ ಹೋಯ್ತು, ಕಂಪ್ಯೂಟರ್ ಬಂತು. 1987ರಲ್ಲಿ ಜಾನ್ ನೋಲ್ ಬೋರಾ ಬೋರಾ ದ್ವೀಪದ ಕಡಲ ತೀರದಲ್ಲಿ ಕೂತ ತನ್ನ ಗೆಳತಿ ಜೆನಿಫರ್ ಫೋಟೋ ತೆಗೆದರು. ಮುಂದೆ ಫೋಟೋಶಾಪ್ ಆದ ಪ್ರೋಗ್ರಾಮನ್ನು ಡೆಮೋ ಕೊಡುವಾಗ ಬಳಸಿದ್ದು ಆ ಫೋಟೋವನ್ನೇ. ಫೋಟೋಶಾಪ್ ಮಾರುಕಟ್ಟೆಗೆ ಬಂದದ್ದು 1990ರಲ್ಲಿ. 2008ರ ಜುಲೈನಲ್ಲಿ ಸುಮಾರು 500 ಆ್ಯಪ್‌ಗಳ ಜೊತೆ ಆ್ಯಪ್ ಸ್ಟೋರ್ ತೆರೆಯಿತು. ಶೋಕೇಸ್ ಕಿಸೆಗೇ ಬಂತು, ಹಳೇ ಚಟವೂ ಜೊತೆಗೇ ಬಂತು. 2017ರಲ್ಲಿ ಫೇಸ್‌ಆ್ಯಪ್‌ನ 'ಹಾಟ್' ಫಿಲ್ಟರ್ ಕಪ್ಪು ಮೈಬಣ್ಣದವರನ್ನು ಬೆಳ್ಳಗೆ ಮಾಡ್ತಿದೆ ಅಂತ ಗಲಾಟೆಯಾಗಿ ಕಂಪನಿ ಕ್ಷಮೆ ಕೇಳಬೇಕಾಯ್ತು.

ನಮ್ಮ ಮೀಟಿಂಗಿಗೆ ಬಂದ ಮೊದಲ ಡಿಸೈನೂ ಅದೇ: ಎಡಕ್ಕೆ ಕಂದು ಹುಡುಗಿ, ಬಲಕ್ಕೆ ಅವಳೇ ಬೆಳ್ಳಗೆ. ನನಗೆ ಚಿಕ್ಕಿ ನೆನಪಾದ್ರು, ಆದರೂ ಸುಮ್ಮನಿದ್ದೆ. ಎರಡು ಡಿಸೈನ್ ಹಾಕಿ ಟೆಸ್ಟ್ ಮಾಡಿದ್ವಿ. ಸುಳ್ಳು ಹೇಳಲ್ಲ, ಬೆಳ್ಳಗೆ ಮಾಡಿದ್ದೇ ಗೆದ್ದಿತು. ಡೌನ್‌ಲೋಡ್ ಏರಿತು. ಆಮೇಲೆ ಒಂದು ಸ್ಟಾರಿನ ರಿವ್ಯೂಗಳು ಶುರುವಾದವು: ಚಿತ್ರದಲ್ಲಿ ತೋರಿಸಿದ ಹಾಗೆ ನನಗೆ ಬರ್ತಿಲ್ಲ, ಇದು ನನ್ನ ಮುಖವೇ ಅಲ್ಲ. ಗಂಡಿನ ಕಡೆಯವರು ಕೇಳಿದ್ದೂ ಇದನ್ನೇ ಅಲ್ವಾ?

ಆಗ ಬಾಯಿ ಬಿಟ್ಟೆ. ಊರಿಗೆ ಹೋದಾಗ ಮರವಂತೆಯಲ್ಲಿ ತೆಗೆದ ಫೋಟೋ ಒಂದು ನನ್ನ ಬಳಿ ಇತ್ತು. ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ, ನಡುವೆ ಹೆದ್ದಾರಿ. ಸೂರ್ಯ ಬೆನ್ನ ಹಿಂದೆ ಇದ್ದದ್ದರಿಂದ ಚಿಕ್ಕಿಯ ಮುಖ ಬರೀ ನೆರಳು. ಆ್ಯಪ್‌ನಲ್ಲಿ ನೆರಳಿನ ಸ್ಲೈಡರ್ ಎಳೆದೆ. ಮುಖ ಬಂತು, ಕಂದಾಗಿಯೇ ಬಂತು, ಕಣ್ಣ ಪಕ್ಕದ ನೆರಿಗೆ ಸಮೇತ. ಕತ್ತಲಲ್ಲಿರುವ ಮುಖ ಕಾಣಿಸೋದು ಬೇರೆ, ಇರುವ ಮುಖವನ್ನು ಬದಲಿಸೋದು ಬೇರೆ. ಚಿಕ್ಕಿಯನ್ನು ಕೇಳಿಯೇ ಅದನ್ನು ಮೊದಲ ಸ್ಕ್ರೀನ್‌ಶಾಟ್ ಮಾಡಿದ್ವಿ. ಸ್ಲೈಡರ್ ಕಾಣುವ ಹಾಗೆ, ಮೇಲೆ ಮೂರೇ ಪದ: 'ನೆರಳು ತೆಗೆಯಿರಿ, ಸಾಕು.' ಡೌನ್‌ಲೋಡ್ ಸ್ವಲ್ಪ ಇಳಿಯಿತು. 'ನನ್ನ ಮುಖವೇ ಅಲ್ಲ' ಅನ್ನೋ ರಿವ್ಯೂಗಳೂ ಇಳಿದವು.

ಸ್ಕ್ರೀನ್‌ಶಾಟ್ ಆ್ಯಪನ್ನು ಬಳಸುವಾಗಿನ ರೂಪದಲ್ಲೇ ತೋರಿಸಬೇಕು ಅಂತ ಆಪಲ್ ನಿಯಮವಿದೆ. ಕುಂದಾಪುರದ ಸ್ಟುಡಿಯೋದವರಿಗೆ ಅಂಥ ನಿಯಮ ಇರಲಿಲ್ಲ, ಆದರೆ ಶೋಕೇಸಿನ ಹುಡುಗಿ ಮರುದಿನ ಅದೇ ರಸ್ತೆಯಲ್ಲಿ ನಡೆದು ಬರ್ತಿದ್ಲು. ಜನ ಹೋಲಿಸಿ ನೋಡ್ತಿದ್ರು. ನಮ್ಮ ಸ್ಕ್ರೀನ್‌ಶಾಟಿನ ಹುಡುಗಿ ಯಾವ ರಸ್ತೆಯಲ್ಲೂ ಎದುರು ಸಿಗೋದಿಲ್ಲ. ಹಾಗಾಗಿ ಆ ಹೋಲಿಕೆಯನ್ನು ಅಪ್‌ಲೋಡ್ ಬಟನ್ ಒತ್ತುವ ಮೊದಲು ನಾವೇ ಮಾಡ್ಕೊಬೇಕು.

ಚಿಕ್ಕಿಗೆ ಸ್ಟೋರ್ ಪೇಜ್ ತೋರಿಸಿದೆ. ಕನ್ನಡಕ ಏರಿಸಿ ನೋಡಿ ಹೇಳಿದ್ರು: "ಹ್ಞಾಂ, ಇದ್ ನಾನೇ."