ಸಿನಿಮಾ ಬಾಗಿಲು ಕಾದ ಹುಡುಗ

ಕೌಜಲಗಿ ಎಂದರೆ ಶ್ರೀಕೃಷ್ಣ ಪಾರಿಜಾತದ ನಿಂಗಮ್ಮನವರ ಊರು. ಆದರೂ ನಾನು ಈ ಶಾಲೆಯಲ್ಲಿ ಓದುವಾಗ ಆಟ, ಸಿನಿಮಾ ಎಂದರೆ ಮನೆಯಲ್ಲಿ ಬೈಗುಳ ತಪ್ಪುತ್ತಿರಲಿಲ್ಲ. "ಅದರಿಂದ ಹೊಟ್ಟಿ ತುಂಬತೈತೇನಲೇ?" ಎನ್ನುತ್ತಿದ್ದರು ನಮ್ಮಪ್ಪ. ನಾನು ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದೆ. ವಿ. ಶಾಂತಾರಾಮರ ಬಗ್ಗೆ ಓದಿದ್ದು ಆಮೇಲೆ.

ಅವರು 1901ರಲ್ಲಿ ಕೊಲ್ಲಾಪುರದಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗಲೇ ಗಂಧರ್ವ ನಾಟಕ ಮಂಡಳಿಯಲ್ಲಿದ್ದರು. ಮುಂದೆ ನಮ್ಮ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದರು, ಅಲ್ಲಿಯ ಸಿನಿಮಾ ಥಿಯೇಟರಿನಲ್ಲಿ ಬಾಗಿಲು ಕಾದರು. ಟಿಕೆಟ್ ಕೊಂಡವನು ಚಿತ್ರವನ್ನು ಒಮ್ಮೆ ನೋಡುತ್ತಾನೆ, ಬಾಗಿಲು ಕಾಯುವವನು ಅದನ್ನೇ ದಿನಾ ನೋಡುತ್ತಾನೆ. ನನ್ನ ಮಟ್ಟಿಗೆ ಅದೇ ಅವರ ಹೈಸ್ಕೂಲು. 1920ರ ಸುಮಾರಿಗೆ ಕೊಲ್ಲಾಪುರದ ಬಾಬೂರಾವ್ ಪೇಂಟರ್ ಅವರ ಕಂಪನಿ ಸೇರಿ, 1921ರ ‘ಸುರೇಖಾ ಹರಣ’ ಎಂಬ ಮೂಕಿಚಿತ್ರದಲ್ಲಿ ಕೃಷ್ಣನಾದರು. ಪಾರಿಜಾತದ ಊರಿನವನಿಗೆ ಇದು ಓದಲು ಎಷ್ಟು ಹಿತ! 1929ರಲ್ಲಿ ಗೆಳೆಯರೊಂದಿಗೆ ಪ್ರಭಾತ್ ಕಂಪನಿ ಕಟ್ಟಿದರು. 1933ರಲ್ಲಿ ಅದು ಪುಣೆಗೆ ಹೋಯಿತು.

ಆ ಸ್ಟುಡಿಯೋದ ಜಾಗದಲ್ಲೇ 1960ರಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಶುರುವಾಯಿತು. ಬಿ.ಫಾರ್ಮಾ ಓದಿದ್ದ ತೀರ್ಥಹಳ್ಳಿ ಕಡೆಯ ಗಿರೀಶ ಕಾಸರವಳ್ಳಿಯವರು ಸಿನಿಮಾ ಕಲಿತದ್ದು ಅಲ್ಲಿ. ಸ್ವರ್ಣಕಮಲ ಪಡೆದ ಅವರ ‘ತಾಯಿ ಸಾಹೇಬ’ಕ್ಕೆ ಮೂಲ ನಮ್ಮ ಕಡೆಯ ರಂ.ಶಾ. ಲೋಕಾಪುರರ ಕಾದಂಬರಿ.

ನನ್ನ ಅಕ್ಕನ ಮಗ ಈಗ ಇದೇ ಶಾಲೆಯಲ್ಲಿ ಹತ್ತನೆಯ ತರಗತಿ. ಓದು ಬಿಟ್ಟು ಮೊಬೈಲಿನಲ್ಲಿ ಸಂತೆ, ಜಾತ್ರೆಯ ವಿಡಿಯೋ ತೆಗೆಯುತ್ತಾನೆ. ಮೊನ್ನೆ ಅಕ್ಕ ಅಪ್ಪನ ಮಾತನ್ನೇ ಅವನಿಗೆ ಅಂದಳು. ನಾನು ಅವನ ಪಕ್ಕ ಕುಳಿತು, "ತೋರಸು, ಏನ್ ತಗದಿ?" ಎಂದೆ.