ಮುಗ್ಗಿದ ಹುಲ್ಲು, ಮಳೆಗಾಲದ ಕೆಮ್ಮು: ಮಲೆನಾಡಿನ ವೈದ್ಯರಿಗೊಂದು ಟಿಪ್ಪಣಿ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ದರಕು ಗುಡಿಸಲು ಬೆಟ್ಟಕ್ಕೆ ಹೋಗುವವರಿಗೆ ಮಂಗನ ಕಾಯಿಲೆಯ ಉಣುಗಿನ ಬಗ್ಗೆ ಎಚ್ಚರಿಕೆ ಹೇಳುತ್ತಲೇ ಇರುತ್ತಾರೆ. ಅದೇ ಜನ ಕೊಟ್ಟಿಗೆ ಅಟ್ಟದಲ್ಲಿ ಕುಡಿಯುವ ದೂಳಿನ ಬಗ್ಗೆಯೂ ಅಷ್ಟೇ ಕಾಳಜಿ ಬೇಕು ಎಂಬುದು ನನ್ನ ವಾದ.

ಆಗುಂಬೆ, ಹುಲಿಕಲ್ಲಿನಂಥ ಕಡೆ ವರ್ಷದ ಮಳೆ 7,000 ಮಿ.ಮೀ. ದಾಟುವುದುಂಟು. ಒದ್ದೆಯಾಗಿ ಪೇರಿಸಿಟ್ಟ ಹುಲ್ಲು ಒಳಗೊಳಗೇ ಕಾವೇರುತ್ತದೆ. 50ರಿಂದ 60 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಬೆಳೆಯುವ ಆಕ್ಟಿನೋಮೈಸೀಟ್ ಎಂಬ ಸೂಕ್ಷ್ಮಾಣುಗಳು ಅಲ್ಲಿ ನೆಲೆಸುತ್ತವೆ. ಕಟ್ಟು ಬಿಚ್ಚಿ ಕೊಡವಿದಾಗ ಏಳುವ ಬೂದು ದೂಳಿನಲ್ಲಿ ಅವುಗಳ ಬೀಜಕಣಗಳಿರುತ್ತವೆ. ಒಂದೊಂದೂ ಸುಮಾರು ಒಂದು ಮೈಕ್ರಾನ್. ಮೂಗಿಗೆ ಸುತ್ತಿದ ಟವೆಲು ಅವನ್ನು ತಡೆಯದು. ಶ್ವಾಸಕೋಶದ ಗಾಳಿಗೂಡುಗಳವರೆಗೆ ಇಳಿದು, ಒಗ್ಗದ ಕೆಲವರಲ್ಲಿ ಉರಿಯೂತ ಎಬ್ಬಿಸುತ್ತವೆ. ಇದೇ ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್. ಹಾಳಾದ ಹುಲ್ಲಿನಿಂದ ರೈತರಿಗೆ ಬರುವ ಬಗೆಗೆ 'ಫಾರ್ಮರ್ಸ್ ಲಂಗ್' ಎಂಬ ಹೆಸರಿದೆ. ಇಂಗ್ಲೆಂಡಿನ ವೈದ್ಯ ಕ್ಯಾಂಪ್‌ಬೆಲ್ 1932ರಲ್ಲೇ ಇದನ್ನು ವರ್ಣಿಸಿದ್ದರು.

ಬೆಳಿಗ್ಗೆ ಹುಲ್ಲು ಕೆದಕಿದವರಿಗೆ ನಾಲ್ಕರಿಂದ ಎಂಟು ತಾಸಿನೊಳಗೆ ಚಳಿಜ್ವರ, ಒಣಕೆಮ್ಮು, ಏದುಸಿರು. ಒಂದೆರಡು ದಿನದಲ್ಲಿ ತಾನಾಗಿ ಇಳಿಯುತ್ತದೆ. ಮತ್ತೆ ಅಟ್ಟ ಹತ್ತಿದರೆ ಮತ್ತೆ ಬರುತ್ತದೆ. ಈ ಮರುಕಳಿಕೆಯೇ ಮುಖ್ಯ ಸುಳಿವು. ಕಾಲವೂ ಇನ್ನೊಂದು ಸುಳಿವು: ಮಂಗನ ಕಾಯಿಲೆ ಹೆಚ್ಚಾಗಿ ಡಿಸೆಂಬರಿನಿಂದ ಮೇವರೆಗಿನದು. ಮುಗ್ಗಿದ ಹುಲ್ಲಿನದು ಮಳೆಗಾಲದ ಕಾಟ. ವರ್ಷಗಟ್ಟಲೆ ಹೀಗೇ ನಡೆದರೆ ಶ್ವಾಸಕೋಶ ನಾರುಗಟ್ಟುತ್ತದೆ, ಆ ಹಾನಿ ಮರಳದು. ಎಕ್ಸ್‌ರೇ ಸರಿಯಾಗಿ ಕಂಡರೂ ರೋಗವಿರಬಹುದು, ಸೂಕ್ಷ್ಮ ಸಿ.ಟಿ. ಸ್ಕ್ಯಾನ್ ಬೇಕು. ಕ್ಷಯವೆಂದು ತಿಳಿದು ಕೊಟ್ಟ ಮಾತ್ರೆಗಳು ಇದಕ್ಕೆ ನಾಟುವುದಿಲ್ಲ.

ಇದು ದೂರದ ದೇಶದ ಕಾಯಿಲೆಯೆಂದು ತಳ್ಳಿಹಾಕುವಂತಿಲ್ಲ. ಭಾರತದ 27 ಆಸ್ಪತ್ರೆಗಳ 1,084 ಐ.ಎಲ್.ಡಿ. (ಇಂಟರ್‌ಸ್ಟಿಷಿಯಲ್ ಲಂಗ್ ಡಿಸೀಸ್) ರೋಗಿಗಳ ಅಧ್ಯಯನ 2017ರಲ್ಲಿ ಪ್ರಕಟವಾಯಿತು; ಅವರಲ್ಲಿ ಶೇ. 47.3 ಮಂದಿಗೆ ಇದ್ದದ್ದು ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್. ಅಲ್ಲಿ ಹೆಚ್ಚಾಗಿ ಕಂಡ ಕಾರಣ ಏರ್‌ಕೂಲರ್. ಮಲೆನಾಡಿನಲ್ಲಿ ಹುಡುಕಬೇಕಾದ್ದು ಕೊಟ್ಟಿಗೆಯಲ್ಲಿ.

ಚಿಕಿತ್ಸೆಯಲ್ಲಿ ಮೊದಲನೆಯದು ದೂಳಿನಿಂದ ದೂರವಿರುವುದು. ಪ್ರೆಡ್ನಿಸೋಲೋನ್ ಉರಿಯೂತ ಇಳಿಸುತ್ತದೆ. ದೀರ್ಘಕಾಲದವರಿಗೆ ಮೈಕೊಫಿನೊಲೇಟ್ ಅಥವಾ ಅಜಾಥಿಯೋಪ್ರಿನ್ ಕೊಡುವುದುಂಟು. ನಾರುಗಟ್ಟುವಿಕೆ ಹೆಚ್ಚುತ್ತ ಹೋದರೆ ನಿಂಟೆಡನಿಬ್ ಅದರ ವೇಗ ತಗ್ಗಿಸುತ್ತದೆ. ಆದರೆ ಔಷಧ ನುಂಗಿ ಮತ್ತೆ ಅದೇ ಅಟ್ಟ ಹತ್ತಿದರೆ ಫಲ ಕಡಿಮೆ. ಹುಲ್ಲು ಚೆನ್ನಾಗಿ ಒಣಗಿಸಿ ಪೇರಿಸಬೇಕು, ಸೋರುವ ಮಾಡು ಸರಿಪಡಿಸಬೇಕು, ಕಾಯಿಲೆ ಬಿದ್ದವರ ಬದಲು ಬೇರೆಯವರು ಎನ್-95 ಮುಖಗವಸು ಹಾಕಿಕೊಂಡು ಹುಲ್ಲು ತೆಗೆಯಬೇಕು.

ಮಳೆಗಾಲದಲ್ಲಿ ಕೆಮ್ಮುತ್ತ ಬರುವ ಕೃಷಿಕರನ್ನು ವೈದ್ಯರು ಒಂದು ಮಾತು ಕೇಳಲಿ: 'ಜ್ವರ ಬಂದ ದಿನ ಹುಲ್ಲು ಬಿಚ್ಚಿದ್ದಿರಾ?' ಕೇಳದಿದ್ದರೆ ರೋಗಿಯೇ ಬಾಯಿಬಿಟ್ಟು ಹೇಳಲಿ.